ಗಂಗವ್ವನ ಜಾಗ

ಎರಡು ಗಡಿಯಾರಗಳು ಬೇರೆ ಬೇರೆ ಸಮಯ ತೋರಿಸಿದರೆ ಅವುಗಳಲ್ಲಿ ಒಂದು ಕೆಟ್ಟಿದೆ ಎಂದರ್ಥ. ಗಂಗಾವತಿ ಬಸ್ ನಿಲ್ದಾಣದ ಎದುರಿಗೆ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮೂವತ್ತೊಂದು ವರ್ಷ ಕುಳಿತು ನಾನು ಕಲಿತ ವಿದ್ಯೆ ಇಷ್ಟೇ. ಎರಡೂ ಸರಿಯಾಗಿಯೇ ಇದ್ದು ಬೇರೆ ಬೇರೆ ಸಮಯ ತೋರಿಸಬಹುದು ಎಂದು ಯಾರಾದರೂ ಹೇಳಿದ್ದರೆ, ಅವರ ಗಡಿಯಾರ ಬಿಚ್ಚುವ ಮೊದಲು ಅವರ ಮನೆಯವರನ್ನು ಕರೆಸುತ್ತಿದ್ದೆ.

ಹಾಗೆ ಹೇಳಿದವರು ಡಾಕ್ಟರ್ ಸಫಿಯಾ ಮುಜಾವರ. ಲಿಂಗಸುಗೂರಿನ ಕಡೆಯವರು, ಭೌತಶಾಸ್ತ್ರ ಓದಿದವರು. ಜನರೆಲ್ಲ ಮೊಬೈಲಿನಲ್ಲಿ ಸಮಯ ನೋಡತೊಡಗಿ ನನ್ನ ಅಂಗಡಿಯಲ್ಲಿ ನೊಣ ಮಾತ್ರ ಉಳಿದಿದ್ದ ಕಾಲದಲ್ಲಿ ಅವರು ಬಂದರು. ಅವರ ಬಳಿ ಹೊಲಿಗೆ ಯಂತ್ರದಷ್ಟು ದೊಡ್ಡ ಎರಡು ಪೆಟ್ಟಿಗೆಗಳಿದ್ದವು. ಅವೇ ಗಡಿಯಾರಗಳು. ಹತ್ತು ಲಕ್ಷ ವರ್ಷ ನಡೆದರೂ ಒಂದು ಸೆಕೆಂಡು ತಪ್ಪದಂಥವು. ಆದರೆ ಹಳ್ಳಿಯ ದಾರಿಯಲ್ಲಿ ಕುಲುಕಿದರೆ, ಬಿಸಿಲಿಗೆ ಕಾದರೆ, ಮುನಿಸಿಕೊಳ್ಳುತ್ತಿದ್ದವು. ಅವುಗಳನ್ನು ಮಕ್ಕಳಂತೆ ನೋಡಿಕೊಳ್ಳಲು ಒಬ್ಬ ಮನುಷ್ಯ ಬೇಕಾಗಿತ್ತು. ಮೌನೇಶ ಪತ್ತಾರ ಎಂಬ ನನ್ನ ಹೆಸರನ್ನು ಯಾರೋ ಹೇಳಿದ್ದರಂತೆ.

ಮೇಡಂ ತಮ್ಮ ಶಾಸ್ತ್ರವನ್ನು ನನಗೆ ತಿಳಿಯುವಂತೆ ಒಂದೇ ಸಲ ಹೇಳಿದರು. ಇತಿಹಾಸ ಒಂದು ಕಡೆ ತಿರುಗಿದಾಗ, ನಡೆಯದೆ ಉಳಿದ ಇನ್ನೊಂದು ದಾರಿ ಪೂರ್ತಿ ಇಲ್ಲವಾಗುವುದಿಲ್ಲ. ತಿರುಗಿದ ಜಾಗದಲ್ಲಿ ಎರಡು ದಾರಿಗಳೂ ಹಳೆಯ ಗಾಯದ ತೊಗಲಿನ ಹಾಗೆ ಅಂಟಿಕೊಂಡಿರುತ್ತವೆ. ಅಲ್ಲಿಟ್ಟ ಗಡಿಯಾರವನ್ನು ಆಚೆ ದಾರಿಯ ಕಾಲವೂ ಒಂದಿಷ್ಟು ಜಗ್ಗುತ್ತದೆ. ಒಂದು ಗಡಿಯಾರವನ್ನು ದೂರದಲ್ಲಿ ಸಾಕ್ಷಿಗೆ ಇಟ್ಟು, ಇನ್ನೊಂದನ್ನು ಆ ಜಾಗಕ್ಕೆ ಒಯ್ದರೆ ಎರಡರ ನಡುವಿನ ಅಂತರ ಕಾಣುತ್ತದೆ. ಅಂತರ ದೊಡ್ಡದಾದಷ್ಟೂ ತಿರುವು ದೊಡ್ಡದು. ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲನ್ನು ನಾವು 'ಒಂದು ಎಳೆ' ಎಂದು ಕರೆಯುತ್ತಿದ್ದೆವು. ಆ ಹೆಸರು ನಾನಿಟ್ಟದ್ದು.

ಮೊದಲ ವರ್ಷ ಹೆಸರುವಾಸಿ ಜಾಗಗಳನ್ನೆಲ್ಲ ಸುತ್ತಿದೆವು. ರಾಜ್ಯವೊಂದು ಬಿದ್ದ ಕೋಟೆಬಾಗಿಲು. ಆನೆಗಳು ಸತ್ತ ಬಯಲು. ದೊಡ್ಡವರು ಸಹಿ ಹಾಕಿದ ಸಭಾಂಗಣ. ಎಲ್ಲ ಕಡೆ ಸೊನ್ನೆ. ಮೇಡಂ ಊಟ ಬಿಟ್ಟರು. ಒಂದು ದಿನ ನಾನು ತಡೆಯಲಾರದೆ ಹೇಳಿದೆ:

"ನಾ ನೋಡಿದ ಮಟ್ಟಿಗೆ ಮದುವಿ ಗೊತ್ತಾಗೋದು ಹಂದರದಾಗಲ್ರಿ ಮೇಡಂ. ಎಲ್ಲೋ ಒಂದು ಕಟ್ಟಿ ಮ್ಯಾಲ ಇಬ್ಬರು ಕುಂತು ಮಾತಾಡಿರ್ತಾರ. ಹಂದರಕ್ಕ ಬರೋ ಹೊತ್ತಿಗೆ ಎಲ್ಲಾ ಮುಗದಿರ್ತೈತಿ. ನಾವು ಬರೇ ಹಂದರ ಸುತ್ತಾಕ ಹತ್ತೀವಿ."

ಅವರು ನಕಾಶೆ ಮಡಚಿಟ್ಟರು. ಮರುದಿನದಿಂದ ಕೋಟೆ ಬಿಟ್ಟು ಬಾವಿಕಟ್ಟೆ, ಧರ್ಮಶಾಲೆ, ಹೊಳೆದಂಡೆಗಳತ್ತ ಹೊರಟೆವು. ಹಾಗೆ ಬಂದದ್ದು ತುಂಗಭದ್ರೆಯ ದಂಡೆಯ ಕೆಂಚನದಿನ್ನಿಗೆ. ಊರ ಹೊರಗಿನ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಗುಡಾರ ಹಾಕಿ, ಮೂರು ಮಡಚುವ ಮಂಚ ಬಿಚ್ಚಿದೆವು. ಒಂದು ನನಗೆ, ಒಂದು ಮೇಡಂಗೆ. ಮೂರನೆಯದು ಯಾಕೆ ಎಂದು ನಾನು ಆಗ ಕೇಳಲಿಲ್ಲ.

*

ಸಾವಿರದ ಒಂಬೈನೂರ ನಲವತ್ತೆಂಟರಲ್ಲಿ ಈ ದಂಡೆ ಮದರಾಸು ಪ್ರಾಂತ್ಯ, ಆ ದಂಡೆ ನಿಜಾಮನ ಸೀಮೆ. ಈಗ ಎರಡೂ ಒಂದೇ ರಾಜ್ಯ. ಸೇತುವೆ ಆರು ಮೈಲಿ ಮೇಲಿದೆ. ಹಾಗಾಗಿ ಹೊಲಕ್ಕೆ ಹೋಗುವ ಹೆಂಗಸರು, ಹುಲ್ಲಿನ ಹೊರೆ, ಆಡು ಎಲ್ಲವೂ ಇನ್ನೂ ಹರಗೋಲಿನಲ್ಲೇ ದಾಟುತ್ತವೆ. ಅಂಬಿಗರ ಯಂಕೋಬನದು ಒಂಬತ್ತು ಜನ ಹಿಡಿಯುವ ಹರಗೋಲು. ಆದರೆ ಅವನು ಕೂರಿಸುತ್ತಿದ್ದದ್ದು ಎಂಟೇ ಜನರನ್ನು. ಹುಟ್ಟು ಹಾಕುವವನ ಎದುರಿನ ಅಂಚಿನಲ್ಲಿ ಅರಿಶಿನ ಬಳಿದ ಒಂದು ಜಾಗ ಯಾವಾಗಲೂ ಖಾಲಿ.

"ಅಲ್ಲಿ ಮಂದಿ ಕೂಡಂಗಿಲ್ರಿ. ಅದು ಗಂಗವ್ವನ ಜಾಗ," ಎಂದ ಯಂಕೋಬ. "ಆಕಿ ಕುಂತಿದ್ರ ತೆಪ್ಪ ಮುಳುಗಂಗಿಲ್ಲ. ಆಕಿ ಜಾಗ ನಾವು ತುಂಬಿದ್ವಿ ಅಂದ್ರ ಆಕಿ ನೀರಾಗ ಇಳೀತಾಳ, ಹಿಂದಿಂದ ನಾವೂ ಇಳೀತೀವಿ. ನಮ್ಮಜ್ಜನ ಕಾಲದಿಂದ ಹಿಂಗ."

ಅವತ್ತು ಗಡಿಯಾರದ ಪೆಟ್ಟಿಗೆ ಹಿಡಿದು ನಾನು ಹತ್ತಿದಾಗ ಹರಗೋಲು ತುಂಬಿತ್ತು. ಕಾಲ ಬಳಿ ಇಟ್ಟರೆ ಗಡಿಯಾರ ಒದ್ದೆಯಾಗುತ್ತಿತ್ತು. ಖಾಲಿ ಇದ್ದದ್ದು ಆ ಒಂದು ಜಾಗ.

"ಪೆಟಗಿ ಮನಷ್ಯಾ ಅಲ್ಲಲ್ಲಪಾ ಯಂಕೋಬಾ," ಎಂದೆ. "ಗಂಗವ್ವ ತೊಡಿ ಮ್ಯಾಲ ಇಟಗೊಂಡು ಕೂಡ್ತಾಳ ಬಿಡು."

ಹೆಂಗಸರು ನಕ್ಕರು. ಯಂಕೋಬನೂ ನಕ್ಕ. ಅಂಗಡಿಯಲ್ಲಿ ಗಿರಾಕಿಗಳನ್ನು ಒಪ್ಪಿಸಿ ಒಪ್ಪಿಸಿ ನನ್ನ ನಾಲಿಗೆಗೆ ಬಂದಿದ್ದ ಜಾಣತನ ಅದು. ಇಂದಿಗೂ ಆ ಮಾತು ನೆನಪಾದರೆ ನಾಲಿಗೆ ಕಚ್ಚಿಕೊಳ್ಳಬೇಕೆನಿಸುತ್ತದೆ.

ಆ ದಂಡೆಗೆ ಹೋಗುವಾಗ ಏನೂ ಆಗಲಿಲ್ಲ. ಅಲ್ಲಿಂದ ಈ ಕಡೆಗೆ ಹೊರಟು ನಾಲ್ಕು ಹುಟ್ಟು ಹಾಕುವಷ್ಟರಲ್ಲಿ, ಗಾಡಿಯಲ್ಲಿ ಸಾಕ್ಷಿ ಗಡಿಯಾರದ ಮುಂದೆ ಕುಳಿತಿದ್ದ ಮೇಡಂ ವೈರ್‌ಲೆಸ್ಸಿನಲ್ಲಿ ಕೂಗಿದರು.

"ಪತ್ತಾರ್ರೇ, ಗಡಿಯಾರ ಬಿತ್ತೇನು?"

"ಇಲ್ರಿ. ಕುಂತಂಗ ಕುಂತೈತಿ."

"ನಲವತ್ತು ಎಳಿ! ಅಲ್ಲ, ಅರವತ್ತು... ಏ, ಏರಾಕ ಹತ್ತೈತಿ!"

ಆನೆಗಳು ಸತ್ತ ಬಯಲಿನಲ್ಲಿ ಸೊನ್ನೆ. ಇಲ್ಲಿ, ಆಡಿನ ಹಿಕ್ಕೆ ಬಿದ್ದ ಒಂದು ಹರಗೋಲಿನಲ್ಲಿ, ಅರವತ್ತು.

*

ನಮ್ಮ ಮಧ್ಯಾಹ್ನದ ಊಟ ಯಂಕೋಬನ ಮನೆಯಲ್ಲೇ ಗೊತ್ತಾಗಿತ್ತು. ದಿನ್ನಿಯ ಮೇಲಿನ ತಗಡಿನ ಮನೆ. ಯಂಕೋಬ, ಅವನ ಹೆಂಡತಿ ದ್ಯಾವಮ್ಮ, ಅವನ ತಾಯಿ ಹುಲಿಗೆವ್ವ. ಹುಲಿಗೆವ್ವನಿಗೆ ಎಂಬತ್ತೈದು. ಆದರೂ ಮನೆಯ ರೊಟ್ಟಿ ಬಡಿಯುವುದು ಅವಳೇ. ಪ್ರತಿ ರೊಟ್ಟಿಯ ಮೇಲೂ ಅವಳ ಬೆರಳಿನ ಗುರುತು ಅಚ್ಚೊತ್ತಿದಂತೆ ಇರುತ್ತಿತ್ತು.

"ಹೊಳ್ಯಾಗ ಏನ್ ಹುಡುಕಾಕ ಹತ್ತೀರಿ?" ಎಂದು ಕೇಳಿದಳು. ಮೇಡಂ ಹೇಳಿದರು. ಮುದುಕಿ ತಟ್ಟುವುದನ್ನು ನಿಲ್ಲಿಸಿದಳು.

"ಹಂಗಾರ ನೀವು ಹುಡುಕಾಕ ಹತ್ತಿದ್ದು ನಮ್ಮವ್ವನ್ನ."

ನಲವತ್ತೆಂಟನೆಯ ಇಸವಿ, ಸಂಕ್ರಾಂತಿ ಕಳೆದು ಹದಿನೈದು ದಿನವಾಗಿತ್ತಂತೆ. ಆ ದಂಡೆಯ ಊರಿಗೆ ಬಂದೂಕಿನವರು ಬರುತ್ತಾರೆಂದು ಸುದ್ದಿ. ಜನ ಹೊಳೆಯತ್ತ ಓಡಿದರು. ಈ ದಂಡೆಯಲ್ಲಿ, ಹಾಗೆ ಓಡಿ ಬಂದವರ ದೊಡ್ಡ ಬಿಡಾರವಿತ್ತು. ಮುಂದೇನು ಮಾಡಬೇಕೆಂದು ನಿರ್ಧರಿಸಲು ಎಲ್ಲ ಊರುಗಳ ಮುಂದಾಳುಗಳು ಅಂದೇ ಅಲ್ಲಿ ಸೇರಿದ್ದರು. ಉಳಿದಿದ್ದದ್ದು ಒಂದೇ ಹರಗೋಲು, ಕೊನೆಯ ಸರದಿ. ಏಳು ಜನ ಹತ್ತಿದ ಮೇಲೆ ಯಂಕೋಬನ ಅಜ್ಜ ಕೈ ಅಡ್ಡ ಹಿಡಿದ. ಒಬ್ಬರಿಗೇ ಜಾಗ. ನಿಂತಿದ್ದವರು ಇಬ್ಬರು: ಏಳು ವರ್ಷದ ಹುಲಿಗೆವ್ವ ಮತ್ತು ಅವಳ ತಾಯಿ ಮಾರೆವ್ವ.

"ಗಂಗವ್ವನ ಜಾಗ ಖಾಲಿ ಇತ್ತು. 'ಅಣ್ಣಾ, ಕೂಸಿನ ಕೂಡ ಒಂದೀಟು ಒತ್ತಿ ಕೂಡ್ತೀನಿ' ಅಂದ್ಲು ನಮ್ಮವ್ವ. 'ಬ್ಯಾಡವ್ವಾ, ಎಲ್ಲಾರೂ ಮುಳುಗ್ತೀವಿ, ತಿರುಗಿ ಬಂದು ನಿನ್ನ ಒಯ್ತೀನಿ' ಅಂದ. ನಾ ಆಕಿ ಸೆರಗು ಬಿಡಲಿಲ್ಲ. ಆಕೀನ ಒಂದೊಂದ ಬೆರಳು ಬಿಡಿಸಿದ್ಲು. ನನ್ನ ಎತ್ತಿ ಒಳಗ ಒಗದ್ಲು." ಹುಲಿಗೆವ್ವ ತನ್ನ ಬೆರಳುಗಳನ್ನೇ ನೋಡಿಕೊಂಡಳು. "ತಿರುಗಿ ಹೋಗಾಕ ಆಗಲಿಲ್ಲ. ಅಂಬಿಗ ಮನಿಗೆ ಕರಕೊಂಡು ಬಂದ, ಸಾಕಿದ, ಮಗನ್ನ ಕೊಟ್ಟು ಲಗ್ನಾ ಮಾಡಿದ. ಬಂಗಾರದಂಥ ಮನಷ್ಯಾ. ಆದ್ರ ಅಂವ ಸಾಯೂತನಾ ನಾ ಅವಗ ಒಂದ ಕೇಳಬೇಕು ಅಂತಿದ್ದೆ, ಕೇಳಲಿಲ್ಲ: ನಮ್ಮವ್ವ ಕುಂತಿದ್ರ ತೆಪ್ಪ ಖರೇನ ಮುಳುಗ್ತಿತ್ತೇನು?"

"ಬಂದೂಕಿನವರು?" ಎಂದರು ಮೇಡಂ ಮೆಲ್ಲಗೆ.

"ಯಾರ ಕಡೇವ್ರು ಅಂತ ಈಗ್ಯಾಕವ್ವಾ. ಬಂದೂಕು ಇದ್ದವರು. ಕುದುರಿ ಮ್ಯಾಲ ಹೊಳಿ ಹಾಯಾಕ ಹೋಗಿ ದಾರಿ ತಪ್ಪಿ ಮಡುವಿನಾಗ ಬಿದ್ರಂತ. ಹತ್ತಾರು ಮಂದಿ ಹೋದ್ರು, ಉಳದವ್ರು ತಿರುಗಿದ್ರು. ಈ ಕಡೆ ಬಿಡಾರ ಉಳೀತು. ಗಂಗವ್ವನ ದಾರಿ ತಪ್ಪಿಸಿದ್ಲು ಅಂತಾರ ಊರಾಗ. ಹೋದವರಿಗೂ ಅವ್ವಂದಿರು ಇದ್ರು, ಪಾಪ."

*

ನಾಲ್ಕನೆಯ ದಿನ ಯಂಕೋಬ ಹುಟ್ಟು ಇಳಿಸಿ ನನ್ನನ್ನು ಬದಿಗೆ ಕರೆದ.

"ಪತ್ತಾರ್ರ, ನಿಮ್ಮ ಪೆಟಗಿ ಎಷ್ಟು ತೂಕ?"

"ಏಳು ಕಿಲೋ."

"ನನ್ನ ರಟ್ಟಿ ಸುಳ್ಳು ಹೇಳಂಗಿಲ್ರಿ. ಆ ಕಡೆಯಿಂದ ಬರುವಾಗ ಒಬ್ಬರ ಭಾರ ಹೆಚ್ಚೈತಿ."

ನಾನು ನಂಬಲಿಲ್ಲ, ಅಳೆದೆ. ಹರಗೋಲಿನ ಹೊರಗೆ ನೀರು ಮುಟ್ಟುವ ಕಡೆ ಸುಣ್ಣದ ಗೆರೆ ಎಳೆದೆ. ಹೋಗುವಾಗ ಗೆರೆ ನೀರಿನ ಮೇಲಿತ್ತು. ಬರುವಾಗ, ಅದೇ ಜನ, ಅದೇ ಪೆಟ್ಟಿಗೆ, ಗೆರೆ ಮುಳುಗಿತ್ತು. ಅದೂ ಅರಿಶಿನದ ಜಾಗದ ಬದಿಯಲ್ಲಿ ಮಾತ್ರ. ಆಮೇಲೆ ಹೋಗುವ ಮೊದಲು ಅದೇ ಜನರನ್ನು ಕೂರಿಸಿ, ಪೆಟ್ಟಿಗೆಯ ಪಕ್ಕ ಮರಳಿನ ಚೀಲ ಇಡುತ್ತಾ ಗೆರೆಯನ್ನು ಅದೇ ಆಳಕ್ಕೆ ತಂದೆ. ನಲವತ್ತು ಕಿಲೋ. ಹೊಟ್ಟೆತುಂಬ ಉಂಡು ಗೊತ್ತಿಲ್ಲದ ಒಬ್ಬ ಹೆಂಗಸಿನ ತೂಕ.

ಮೇಡಂ ಖುಷಿಗೆ ಎದ್ದೇ ನಿಂತರು. "ಗಡಿಯಾರ ಆ ಜಾಗದಾಗ ಕುಂತು ದಾರಿ ತಗದೈತಿ ಪತ್ತಾರ್ರೇ. ಆಚೆ ದಾರ್ಯಾಗ ಅಲ್ಲಿ ಯಾರೋ ಕುಂತಾರ. ನಾವು ಅವರ ತೂಕ ಅಳದೀವಿ!"

ಆ ಮಧ್ಯಾಹ್ನ ನಾವು ಐದು ಜನ ಊಟಕ್ಕೆ ಕುಳಿತಾಗ ದ್ಯಾವಮ್ಮ ಆರು ತಾಟು ಇಟ್ಟಳು. "ಅಯ್ಯ, ಇದನ್ಯಾರಿಗೆ ಇಟ್ಟೆ?" ಎಂದು ತಾನೇ ನಕ್ಕು ಎತ್ತಿದಳು. ಮರುದಿನವೂ ಆರು. ಅದರ ಮರುದಿನ ಅವಳು ನಗಲಿಲ್ಲ, ತಾಟನ್ನು ಎತ್ತಲೂ ಇಲ್ಲ.

ಹುಲಿಗೆವ್ವ ಮಾತ್ರ ಹಬ್ಬದ ಮುಖ ಮಾಡಿಕೊಂಡಿದ್ದಳು. "ನಮ್ಮವ್ವ ಬಂದಾಳ," ಎಂದಳು ನನಗೊಬ್ಬನಿಗೇ, ಗುಟ್ಟು ಹೇಳುವವಳಂತೆ. "ಮುಂಜಾನಿ ಒಲಿ ಮುಂದ ಎಮ್ಮಿ ಸಗಣಿ, ಹೊಗಿಸೊಪ್ಪಿನ ವಾಸನಿ ಬಂತು. ಆಕಿದ ಅದು. ಎಪ್ಪತ್ತೆಂಟು ವರ್ಷದಾಗ ಒಂದ ದಿನಾನೂ ಬಂದಿದ್ದಿಲ್ಲ. ನಿಮ್ಮ ಪುಣ್ಯ."

ನನಗೆ ಪುಣ್ಯದಂತೆ ಕಾಣಲಿಲ್ಲ. ಗಡಿಯಾರದ ಒಳಗೆ ಹೊಸ ಹಲ್ಲುಚಕ್ರ ಹಾಕಬೇಕೆಂದರೆ ಹಳೆಯದು ಹೊರಗೆ ಬರಲೇಬೇಕು. ಎರಡಕ್ಕೆ ಅಲ್ಲಿ ಜಾಗವಿರುವುದಿಲ್ಲ. ಬಂದವಳು ಬಂದರೆ ಹೋಗುವವರು ಯಾರು ಎಂಬುದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು.

ಒಂಬತ್ತನೆಯ ದಿನ ಗೊತ್ತಾಯಿತು. ದ್ಯಾವಮ್ಮ ತಾಟುಗಳನ್ನಿಟ್ಟಳು. ಗೋಡೆಯ ಬದಿಯ ಖಾಲಿ ಜಾಗಕ್ಕೆ ಒಂದು ಇಟ್ಟಳು, ಬಡಿಸಿದಳು. ಹೊಸ್ತಿಲ ಬಳಿ ಹುಲಿಗೆವ್ವ ನಿಂತೇ ಇದ್ದಳು. ಅವಳಿಗೆ ತಾಟು ಇರಲಿಲ್ಲ. ದ್ಯಾವಮ್ಮ ಎರಡು ಸಲ ಅವಳ ಪಕ್ಕದಲ್ಲೇ ಹಾದು ಹೋದಳು; ಅತ್ತೆಯ ಸೀರೆಗೆ ಸೆರಗು ತಾಗಿತು; ತಿರುಗಿ ನೋಡಲಿಲ್ಲ.

"ದ್ಯಾವಮ್ಮಾ, ನಿಮ್ಮ ಅತ್ತಿಗೆ?" ಎಂದೆ.

"ಯಾವ ಅತ್ತಿರಿ?" ಎಂದಳು. ಮರುಗಳಿಗೆಯಲ್ಲಿ ಬಾಯಿಗೆ ಕೈ ಹಚ್ಚಿ ಕುಸಿದು ಕುಳಿತಳು. "ಅಯ್ಯಯ್ಯ! ಯತ್ತೀ, ನನಗ ಏನಾಗೈತಿ?"

ನಾನು ತಾಟಿನಲ್ಲಿದ್ದ ರೊಟ್ಟಿಯನ್ನು ಬೆಳಕಿಗೆ ಹಿಡಿದೆ. ಹುಲಿಗೆವ್ವನೇ ಬಡಿದದ್ದು, ಅವಳು ಬಡಿಯುವುದನ್ನು ನಾನೇ ಕಂಡಿದ್ದೆ. ಅದರ ಮೇಲೆ ಒಂದೂ ಬೆರಳಿನ ಗುರುತು ಇರಲಿಲ್ಲ. ಕೆರೆಯ ನೀರಿನಂತೆ ಸಪಾಟಾಗಿತ್ತು.

*

"ಸಾಕು ಮೇಡಂ. ಗಡಿಯಾರ ತಗೀರಿ," ಎಂದೆ ಗಾಡಿಗೆ ಬಂದು.

ಅವರು ಪರದೆಯ ಮುಂದೆ ಕುಳಿತಿದ್ದರು. ಅಂತರ ಈಗ ಎಳೆಗಳ ಲೆಕ್ಕ ಮೀರಿತ್ತು. ನನ್ನ ಕೈಗಡಿಯಾರ ಹಿಡಿದರೂ ಕಾಣುವಂತೆ ಎರಡು ಪೆಟ್ಟಿಗೆಗಳ ನಡುವೆ ನಾಲ್ಕು ಸೆಕೆಂಡು.

"ಇನ್ನ ಎರಡ ದಿನ ಪತ್ತಾರ್ರೇ. ಇಂಥಾದ್ದು ಮನಷ್ಯಾರು ಯಾರೂ ಕಂಡಿಲ್ಲ."

"ಕಾಣಾಕ ಆ ಮುದುಕಿ ಇರಬೇಕಲ್ರೀ. ಅಂಬಿಗ ಹತ್ತಿಸ್ಕೊಂಡದ್ದು ಒಬ್ಬರನ್ನ. ಆಚೆ ದಾರ್ಯಾಗ ಕುಂತಾಕಿ ಅವ್ವ ಅಂದ ಮ್ಯಾಲ, ದಂಡಿ ಮ್ಯಾಲ ಉಳದದ್ದು ಯಾರು? ಕೂಸು. ಕೂಸು ಅಲ್ಲೇ ಉಳದಿದ್ರ, ಯಂಕೋಬ ಎಲ್ಲಿಂದ ಬರ್ತಾನ?"

ಮೇಡಂ ಕಣ್ಣು ಮುಚ್ಚಿದರು. ಬುದ್ಧಿವಂತರು, ನನಗಿಂತ ಮೊದಲೇ ತಿಳಿದಿತ್ತು ಎಂದು ಕಾಣುತ್ತದೆ. ತಿಳಿದದ್ದನ್ನು ಒಪ್ಪಿಕೊಳ್ಳಲು ಒಬ್ಬರು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಎದ್ದು ನನ್ನ ಜೊತೆ ಹೊಳೆಗೆ ಬಂದರು. ತಾವೇ ಹರಗೋಲಿನ ಗಡಿಯಾರ ನಿಲ್ಲಿಸಿ, ಪೆಟ್ಟಿಗೆ ಎತ್ತಿ ದಂಡೆಗಿಟ್ಟರು.

ಹರಗೋಲು ಮೇಲೇಳಲಿಲ್ಲ. ಖಾಲಿ ಹರಗೋಲು, ಯಾರೂ ಇಲ್ಲದ ಆ ಅಂಚಿನ ಕಡೆಗೆ ವಾಲಿಕೊಂಡೇ ನಿಂತಿತ್ತು. ಸುಣ್ಣದ ಗೆರೆ ನೀರೊಳಗೇ ಇತ್ತು.

"ಬಾಗಲಾ ತಗದವ್ರು ನಾವು," ಎಂದರು ಮೇಡಂ. "ಮುಚ್ಚೋದು ನಮ್ಮ ಕೈಯಾಗ ಇಲ್ಲ."

ಹುಲಿಗೆವ್ವನಿಗೆ ವಿಷಯ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವಳು ಮನೆಯ ಮುಂದಿನ ಕಟ್ಟೆಯ ಮೇಲಿದ್ದಳು. ಕೇಳಿ ಒಂದಿಷ್ಟೂ ಹೆದರಲಿಲ್ಲ.

"ನಂದೇನೈತಪ್ಪಾ. ಎಂಬತ್ತೈದು ಆತು. ನಾ ಹೋಗಿ ಆಕಿ ಬಂದ್ರ ಬರ್ಲಿ ಬಿಡು. ಆಕಿ ಬದುಕಾ ನಾ ಉಂಡೀನಿ. ತಿರುಗಿ ಕೊಟ್ರಾತು."

ಆಗಲೇ ಯಂಕೋಬ ಹೊಳೆಯಿಂದ ಬರುತ್ತಿದ್ದ. ದಂಡೆಯಿಂದ ದಿನ್ನಿಯವರೆಗೂ ಹಸಿ ರೇವೆ. ಕಾಗೆ ನಡೆದರೂ ಗುರುತು ಬೀಳುವಂಥ ಮಣ್ಣು. ಯಂಕೋಬ ಎಂಬತ್ತು ಕಿಲೋದ ಆಳು. ಅವನು ನಡೆದು ಬಂದ ಹಾದಿಯಲ್ಲಿ ಒಂದೂ ಹೆಜ್ಜೆ ಮೂಡಿರಲಿಲ್ಲ.

ಮುದುಕಿ ಅದನ್ನು ನೋಡಿದಳು. ನಾನೂ ನೋಡಿದೆ. ಯಂಕೋಬ ಮಾತ್ರ ನೋಡಿಕೊಳ್ಳಲಿಲ್ಲ. ಹತ್ತಿರ ಬಂದು ತಾಯಿಯ ಮುಖ ನೋಡುತ್ತಾ ನಿಂತ, ಯಾವುದೋ ಸಂತೆಯಲ್ಲಿ ಕಂಡವರ ಗುರುತು ಹಚ್ಚುವವನಂತೆ.

"ಯಾರ್ ಬೇಕಾಗಿತ್ತವ್ವಾ?" ಎಂದ.

ಹುಲಿಗೆವ್ವ ಅವನ ಕೈ ಹಿಡಿದು ತನ್ನ ಪಕ್ಕ ಕೂರಿಸಿಕೊಂಡಳು, ಅವನ ಮೊಣಕೈ ಸವರುತ್ತಾ ಬಹಳ ಹೊತ್ತು ಕುಳಿತಳು. ಕೊನೆಗೆ ನನ್ನ ಕಡೆ ತಿರುಗಿದಳು.

"ಪತ್ತಾರಪ್ಪಾ, ಆ ಹೊಳಿ ಹಾಯೋ ಜಾಗ ನನಗ ಗೊತ್ತಿತ್ತು. ದಿನಾ ಎಮ್ಮಿ ಹೊಡಕೊಂಡು ಹೋಗ್ತಿದ್ದೆ. ಕುದುರಿ ಹಾಯೋವಷ್ಟ ನೀರು, ಮಡುವಿನ ಮಗ್ಗಲದಾಗ. ಏಳು ವರ್ಷದ ಕೂಸಿಗೆ ಬಂದೂಕಿನವರು ಕೇಳಿದ್ರ ಏನ್ ಹೇಳ್ತೈತಿ?"



"ಖರೇ ಹೇಳ್ತೈತಿ," ಎಂದಳು ತಾನೇ. "ಬೆಟ್ಟು ಮಾಡಿ ತೋರಸ್ತೈತಿ. ಅವ್ರು ಹಾಯ್ದು ಬಂದು ಈ ಕಡೆ ಎಲ್ಲಾರನ್ನೂ ಮುಗಸ್ತಿದ್ರು. ದಾರಿ ತಪ್ಪಿಸಿದಾಕಿ ಗಂಗವ್ವ ಅಲ್ಲಪಾ. ನಮ್ಮವ್ವ. ಸುಳ್ಳು ಹೇಳಾಕ ಅಲ್ಲಿ ಒಬ್ಬ ದೊಡ್ಡಾಕಿ ಇರಬೇಕಾಗಿತ್ತು."

ಮೇಡಂ ವರ್ಷವಿಡೀ ಹುಡುಕಿದ್ದು ಅದನ್ನೇ. ಅರವತ್ತು ಎಳೆಯ ತಿರುವು, ದಂಡೆಯ ಮೇಲೆ ನಿಂತ ಒಬ್ಬ ಹೆಂಗಸು ಬೆರಳನ್ನು ಇತ್ತ ತೋರಿಸದೆ ಅತ್ತ ತೋರಿಸಿದ್ದು.

"ನಿಮ್ಮ ಮೇಡಂಗ ಹೇಳ್ರಿ," ಎಂದಳು ಹುಲಿಗೆವ್ವ. "ಗಡಿಯಾರ ಕರದದ್ದಕ್ಕ ಆಕಿ ಬಂದಿಲ್ಲ. ನಾ ಕರದದ್ದಕ್ಕ ಬಂದಾಳ. ದಿನಾ ಕರದೀನಿ. ಕರದಾಕೀನ ಇಳಿಸಬೇಕು."

*

ಮರುದಿನ ಬೆಳಿಗ್ಗೆ ಹತ್ತು ಗಂಟೆ, ಬಿಸಿಲು ಚುರುಗುಡುತ್ತಿತ್ತು. ಹರಗೋಲಿನಲ್ಲಿ ಯಂಕೋಬ, ಹುಲಿಗೆವ್ವ, ನಾನು. ಮೇಡಂ ಈ ದಂಡೆಯಲ್ಲಿ ನಿಂತರು. ಯಂಕೋಬನಿಗೆ ಯಾರನ್ನು ದಾಟಿಸುತ್ತಿದ್ದೇನೆ ಎಂಬುದು ಸರಿಯಾಗಿ ತಿಳಿದಿರಲಿಲ್ಲ. ಅಂಬಿಗ, ದಾಟಿಸಿದ, ಅಷ್ಟೇ. ಎರಡು ಸಲ ಹುಟ್ಟು ಅವನ ಕೈಯಿಂದ, ಆ ಕೈ ಮಂಜಿನದೋ ಎಂಬಂತೆ, ಜಾರಿತು. ಎರಡು ಸಲವೂ ನಾನೇ ಹಿಡಿದುಕೊಟ್ಟೆ.

ಆ ದಂಡೆಗೆ ಹರಗೋಲು ತಾಗಿತು. ಹುಲಿಗೆವ್ವ ಅಂದು ಕುಳಿತಿದ್ದ ಕಡೆಯೇ, ಅರಿಶಿನದ ಜಾಗದ ಪಕ್ಕ, ಕುಕ್ಕರಗಾಲಲ್ಲಿ ಕುಳಿತಿದ್ದಳು. ಅವಳ ಬಲಗೈ ಗಾಳಿಯಲ್ಲಿ ಏನನ್ನೋ ಬಿಗಿಯಾಗಿ ಹಿಡಿದಿತ್ತು. ಗೆಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ. ಹೊಗೆಸೊಪ್ಪಿನ ವಾಸನೆ ನನ್ನ ಮೂಗಿಗೂ ಬಂತು, ಸ್ಪಷ್ಟವಾಗಿ.

"ಅವ್ವಾ," ಎಂದಳು. ಎಂಬತ್ತೈದರ ಗಂಟಲಲ್ಲಿ ಏಳು ವರ್ಷದ ದನಿ. "ಚಲೋ ಅದಿ ಏನು? ನಾ ಚಲೋ ಅದೀನಿ. ಅಂಬಿಗ ಚಲೋ ನೋಡಿಕೊಂಡ. ಇಂವ ನನ್ನ ಮಗ. ಇಳೀ ಅವ್ವಾ. ಅವರು ಬಂದು ಕೇಳ್ತಾರ. ನನಗ ಸುಳ್ಳು ಹೇಳಾಕ ಬರಂಗಿಲ್ಲ. ನೀನ ಹೇಳಬೇಕು."

ಹರಗೋಲು ಅಲುಗಲಿಲ್ಲ. ನೀರು ಮಾತ್ರ ಅಂಚಿಗೆ ತಟ್ಟುತ್ತಿತ್ತು.

ಹುಲಿಗೆವ್ವ ತನ್ನ ಎಡಗೈಯನ್ನು ಬಲಗೈಯ ಮೇಲಿಟ್ಟಳು. ಕಿರುಬೆರಳು ಬಿಡಿಸಿದಳು. ಆಮೇಲೆ ಅದರ ಪಕ್ಕದ್ದು. ಹೆಬ್ಬೆರಳು ಬಿಟ್ಟಾಗ ಅವಳ ಬಾಯಿಂದ ಬಂದ ಸದ್ದನ್ನು ನಾನು ಬರೆಯಲಾರೆ.

ಹರಗೋಲು ಒಮ್ಮೆಲೇ ಮೇಲಕ್ಕೆ ಪುಟಿಯಿತು. ನಾನು ಬೀಳುವುದರಲ್ಲಿದ್ದೆ. ದಂಡೆಯ ಕಾದ ಬಂಡೆಯ ಮೇಲೆ ಒಂದು ಒದ್ದೆ ಹೆಜ್ಜೆ ಮೂಡಿತು. ಸಣ್ಣ ಹೆಜ್ಜೆ, ಬರಿಗಾಲು. ಅದರ ಮುಂದೆ ಇನ್ನೊಂದು. ನಾಲ್ಕು ಹೆಜ್ಜೆ ಊರ ಕಡೆಗೆ ಏರಿ, ನಾವು ನೋಡುತ್ತಿದ್ದಂತೆಯೇ ಬಿಸಿಲಿಗೆ ಆರಿಹೋದವು.

"ಯವ್ವಾ!" ಎಂದ ಯಂಕೋಬ ಬೆಚ್ಚಿ. "ನೀ ಯಾಕ ಬಂದೀ ಈ ಬಿಸಲಾಗ? ಯಾರ್ ಕರಕೊಂಡು ಬಂದ್ರು ಈಕೀನ? ಪತ್ತಾರ್ರ, ನಿಮಗರೆ ಬುದ್ಧಿ ಬ್ಯಾಡೇನ್ರಿ?"

ಅಷ್ಟು ಸಿಹಿಯಾದ ಬೈಗುಳ ನಾನು ತಿಂದಿಲ್ಲ. ಹುಲಿಗೆವ್ವ ತಿರುಗಿ ನೋಡದೆ ಈ ದಂಡೆಯನ್ನೇ ನೋಡುತ್ತಾ ಬಂದಳು. ನಡುಹೊಳೆಯಲ್ಲಿ ಒಂದೇ ಮಾತು ಆಡಿದಳು:

"ಅವತ್ತು ಅಂಬಿಗ ಬಿಟ್ಟು ಬಂದ. ಇವತ್ತು ನಾ ಬಿಟ್ಟು ಬಂದೆ."

ತೆಪ್ಪ ಮುಳುಗುತ್ತಿತ್ತೇ ಎಂದು ಅವಳು ಮತ್ತೆ ಯಾರನ್ನೂ ಕೇಳಲಿಲ್ಲ.

*

ಎರಡು ಗಡಿಯಾರಗಳನ್ನೂ ಅಕ್ಕಪಕ್ಕ ಇಟ್ಟು ನಡೆಸಿ ನೋಡಿದೆವು. ಅಂತರ ಸೊನ್ನೆ. ಹರಗೋಲಿನಲ್ಲಿಯೂ ಸೊನ್ನೆ. ಮೇಡಂ ವರದಿಯಲ್ಲಿ ಆ ಸೊನ್ನೆಯನ್ನಷ್ಟೇ ಬರೆದರು. ದ್ಯಾವಮ್ಮ ಐದು ತಾಟು ಇಟ್ಟಳು, ರೊಟ್ಟಿಯ ಮೇಲೆ ಬೆರಳುಗಳು ಮೂಡಿದ್ದವು. ಊಟ ಮಾಡಿ ಹೊರಟೆವು. ಗುಡಾರ ಕಿತ್ತು, ಮಂಚ ಮಡಚಿ, ಪೆಟ್ಟಿಗೆಗಳನ್ನು ಹಾಸಿಗೆಯಲ್ಲಿ ಸುತ್ತಿ ಗಾಡಿಗೇರಿಸಿದೆವು. ಮೇಡಂ ಹಿಂದಿನ ಸೀಟಿನಲ್ಲಿ ಕುಳಿತರು. ನಾನು ಮುಂದೆ, ಎಡಗಡೆ ಕುಳಿತೆ.

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ಕುಳಿತಿದ್ದೆವು, ಯಾರಿಗೋ ಕಾಯುವವರ ಹಾಗೆ.

"ಹೋಗೂಣಲ್ರೀ ಪತ್ತಾರ್ರೇ," ಎಂದರು ಮೇಡಂ.

"ನನಗ ಗಾಡಿ ಹೊಡಿಯಾಕ ಬರಂಗಿಲ್ಲಲ್ರೀ," ಎಂದೆ. "ನೀವ ಹೊಡೀತೀರಂತ ನಾ..."

"ನನಗೂ ಬರಂಗಿಲ್ಲ," ಎಂದರು ಅವರು.

ಚಾವಿ ಅದರ ಜಾಗದಲ್ಲೇ ಇತ್ತು. ಚಾಲಕನ ಸೀಟನ್ನು ಉದ್ದ ಕಾಲಿನ ಮನುಷ್ಯನಿಗೆ ಹೊಂದುವಂತೆ ಹಿಂದಕ್ಕೆ ತಳ್ಳಲಾಗಿತ್ತು. ಅದರ ಕೆಳಗೆ ಸವೆದ ಒಂದು ಜೊತೆ ಚಪ್ಪಲಿ. ಗಾಜಿನ ಮುಂದೆ ಅರ್ಧ ತಿಂದು ಮಡಚಿಟ್ಟ ಹುರಿಗಡಲೆಯ ಪೊಟ್ಟಣ. ವರ್ಷವಿಡೀ ಕೋಟೆ, ಬಯಲು, ಬಾವಿಕಟ್ಟೆ ಸುತ್ತಿದ್ದೇವೆ, ಸಾವಿರಾರು ಮೈಲಿ. ಯಾರು ಓಡಿಸಿದರು? ನಾವಿಬ್ಬರೂ ಕುಳಿತು ಎಷ್ಟು ನೆನೆದರೂ ಒಂದು ಮುಖ ಬರಲಿಲ್ಲ, ಹೆಸರಿನ ಒಂದು ಅಕ್ಷರ ಬರಲಿಲ್ಲ. ತಿರುವು ಅತ್ತ ಹೋಗಿ ಇತ್ತ ಬರುವಾಗ, ಯಾರದೋ ಬದುಕಿನ ಎಳೆ ಅಲ್ಲೇ ಸಿಕ್ಕಿ ಉಳಿದಿತ್ತು.

ಮೂರನೆಯ ಮಂಚ ಆಗ ನೆನಪಾಯಿತು. ದ್ಯಾವಮ್ಮನ ಆರನೆಯ ತಾಟೂ ನೆನಪಾಯಿತು. ಮೊದಲ ದಿನ ಅವಳು ಅದನ್ನು ಮಾರೆವ್ವನಿಗಾಗಿ ಇಟ್ಟಿದ್ದಳೋ, ಇಲ್ಲ ದಿನವೂ ನಮ್ಮ ಜೊತೆ ಉಣ್ಣಲು ಬರುತ್ತಿದ್ದ ಒಬ್ಬನಿಗಾಗಿ ಇಟ್ಟಿದ್ದಳೋ, ಈಗ ಯಾರನ್ನು ಕೇಳಲಿ?

ಮೇಡಂ ಆ ಗಡಿಯಾರಗಳನ್ನು ಮತ್ತೆ ಎಲ್ಲಿಗೂ ಒಯ್ಯಲಿಲ್ಲ. ನಾನು ಅಂಗಡಿಗೆ ಮರಳಿದೆ. ಸಂಜೆ ನಾಲ್ಕಕ್ಕೆ ಚಹ ತರಿಸಿದಾಗ ನನಗೊಂದು ಲೋಟ, ಎದುರಿನ ಖಾಲಿ ಸ್ಟೂಲಿನ ಮೇಲೆ ಒಂದು ಲೋಟ. ಗಿರಾಕಿಗಳು ಬಂದರೆ ನಿಂತುಕೊಂಡೇ ಮಾತಾಡಿ ಹೋಗುತ್ತಾರೆ.

"ಯಾಕ್ ಮಾಮಾ, ಸ್ಟೂಲ್ ಖಾಲಿ ಐತಲ್ಲ, ಕೂಡಲೇನು?" ಎಂದು ಕೇಳುವವರೂ ಇದ್ದಾರೆ.

"ಅಲ್ಲಿ ಮಂದಿ ಕೂಡಂಗಿಲ್ಲಪಾ," ಎನ್ನುತ್ತೇನೆ.